ಪಟ್ಟಿ ಹಿಡಿದ ದೇಶಾಟನ

ದೇಶಾಟನದಿಂದ ಮನುಷ್ಯನ ಚಾತುರ್ಯವು ವೃದ್ಧಿಯಾಗುವುದೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅವರು ಆ ಮಾತನ್ನಾಡಿದ ಕಾಲದಲ್ಲಿ ದೇಶಾಟನವೆಂದರೆ ಕಾಲ್ನಡಿಗೆ. ಛತ್ರದಲ್ಲಿ ಉಣ್ಣಬೇಕು, ಅರಳಿಕಟ್ಟೆಯ ಮೇಲೆ ಮಲಗಬೇಕು, ಅಪರಿಚಿತನೊಡನೆ ಅವನ ಭಾಷೆಯಲ್ಲಿ ತಡವರಿಸುತ್ತ ದಾರಿ ಕೇಳಬೇಕು. ಚಾತುರ್ಯವು ಬೆಳೆದುದು ಈ ತಡವರಿಕೆಯಿಂದಲೇ ಹೊರತು ಕಂಡ ಊರುಗಳ ಸಂಖ್ಯೆಯಿಂದಲ್ಲ. ಈಗಲಾದರೋ ಬೆಂಗಳೂರಿನಲ್ಲಿ ವಿಮಾನವನ್ನೇರಿದವನು ಅರ್ಧ ದಿನ ಕಳೆಯುವುದರೊಳಗಾಗಿ ಲಂಡನ್ ಪಟ್ಟಣದಲ್ಲಿ ಇಳಿಯುತ್ತಾನೆ. ಉದ್ಯೋಗನಿಮಿತ್ತವಾಗಿಯೋ ವಿದ್ಯಾಭ್ಯಾಸಕ್ಕಾಗಿಯೋ ಅಲ್ಲಿಗೆ ಹೋದ ತರುಣನಿಗೆ ಕೆಲಸಗಳ ನಡುವೆ ಒಂದು ದಿನದ ಬಿಡುವು ದೊರೆಯುತ್ತದೆ. ಒಬ್ಬನೇ ಹೊರಡುತ್ತಾನೆ. ಊರಿಗೆ ಮರಳಿದ ಮೇಲೆ ಜಗಲಿಯ ಮೇಲೆ ಕುಳಿತ ಬಂಧುಗಳ ಮುಂದೆ, “ಒಂದೇ ದಿನದಲ್ಲಿ ಪಟ್ಟಣವನ್ನೆಲ್ಲ ನೋಡಿ ಮುಗಿಸಿದೆ” ಎಂದು ಹೇಳುತ್ತಾನೆ. ಕೇಳಿದವರು ತಲೆದೂಗುತ್ತಾರೆ.

“ನೋಡಿ ಮುಗಿಸಿದೆ” ಎಂಬ ಈ ಮಾತು ವಿಚಾರಾರ್ಹವಾದುದು. ಊಟವನ್ನು ಮುಗಿಸಬಹುದು, ಸಾಲವನ್ನು ತೀರಿಸಿ ಮುಗಿಸಬಹುದು. ರೋಮಕರ ಕಾಲದಿಂದ ಜನರು ಬಾಳಿಕೊಂಡು ಬಂದ, ಇಂದು ಸುಮಾರು ತೊಂಬತ್ತು ಲಕ್ಷ ಜನರು ವಾಸಮಾಡುತ್ತಿರುವ ನಗರವೊಂದನ್ನು ಬೆಳಗಿನ ಕಾಫಿಗೂ ರಾತ್ರಿಯ ನಿದ್ರೆಗೂ ನಡುವೆ ಮುಗಿಸುವುದು ಹೇಗೆ? ಆತನು ಮುಗಿಸಿದ್ದು ಪಟ್ಟಣವನ್ನಲ್ಲ, ಒಂದು ಪಟ್ಟಿಯನ್ನು.

ಆ ಪಟ್ಟಿಯ ದಿನವು ಹೇಗೆ ಸಾಗುತ್ತದೆಂಬುದನ್ನು ವಾಚಕರು ಸ್ವಲ್ಪ ಪರಾಂಬರಿಸಬೇಕು. ಬೆಳಿಗ್ಗೆ ಎಂಟು ಗಂಟೆಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ; ಗಡಿಯಾರದ ಗೋಪುರಕ್ಕೆ ಬೆನ್ನು ತಿರುಗಿಸಿ ನಿಂತು ತನ್ನ ಮುಖವನ್ನು ತಾನೇ ಫೋನಿನಲ್ಲಿ ಹಿಡಿದುಕೊಳ್ಳುವುದು; ಅದಕ್ಕೆ ‘ಬಿಗ್ ಬೆನ್’ ಎಂದು ಹೆಸರಿಟ್ಟು ಊರಿಗೆ ಕಳುಹಿಸುವುದು. ಬಿಗ್ ಬೆನ್ ಎಂಬುದು ಒಳಗಿರುವ ಘಂಟೆಯ ಹೆಸರು. ಗೋಪುರಕ್ಕೆ 2012ರಿಂದ ಎಲಿಜಬೆತ್ ಗೋಪುರವೆಂದು ಹೆಸರು. ಘಂಟೆಯು ಹೊಡೆಯುವ ತನಕ ನಿಂತು ಅದರ ನಾದವನ್ನು ಕೇಳಿದ್ದರೆ ಬಹುಶಃ ಈ ಸಂಶಯವಾದರೂ ಹುಟ್ಟುತ್ತಿತ್ತು. ಆದರೆ ಹನ್ನೊಂದು ಗಂಟೆಗೆ ಅರಮನೆಯ ಕಾವಲುಗಾರರ ಬದಲಾವಣೆ ಇದೆಯಲ್ಲ! ಅಲ್ಲಿ ಎದುರಿಗೆ ನಿಂತವರ ತಲೆಗಳ ನಡುವೆ ಒಂದು ಕರಿಯ ಟೊಪ್ಪಿಗೆಯ ತುದಿ ಕಂಡರೆ ಕೃತಕೃತ್ಯತೆ. ಅನಂತರ ಬ್ರಿಟಿಷ್ ಮ್ಯೂಸಿಯಂ. ಅದಕ್ಕೆ ನಲವತ್ತು ನಿಮಿಷ. ಸುಮಾರು ಎಂಬತ್ತು ಲಕ್ಷ ವಸ್ತುಗಳನ್ನು ಸಂಗ್ರಹಿಸಿಟ್ಟಿರುವ ಆ ಸಂಸ್ಥೆಯಲ್ಲಿ ಆತನಿಗೆ ಬೇಕಾದುದು ರೊಸೆಟ್ಟಾ ಶಿಲೆಯೊಂದೇ. ಮೂರು ಲಿಪಿಗಳಲ್ಲಿ ಕೊರೆದ ಆ ಕಲ್ಲಿನಿಂದ ಪ್ರಾಚೀನ ಈಜಿಪ್ಟಿನ ಮರೆತುಹೋದ ಬರಹವನ್ನು ವಿದ್ವಾಂಸರು ಹೇಗೆ ಓದಿದರೆಂದು ಅವನು ಕೇಳುವುದಿಲ್ಲ. ನಮ್ಮ ಕೃಷ್ಣಾತೀರದ ಅಮರಾವತಿಯ ಸ್ತೂಪದಿಂದ ಹೋದ ಶಿಲ್ಪಗಳು ಆ ಸಂಗ್ರಹದಲ್ಲಿಯೇ ಇವೆಯೆಂದು ಅವನಿಗೆ ತಿಳಿಯದು, ಅವು ಪಟ್ಟಿಯಲ್ಲಿಲ್ಲ. ಮಧ್ಯಾಹ್ನಕ್ಕೆ ದೊಡ್ಡ ಚಕ್ರ. ಅದನ್ನೇರಲು ನಿಂತ ಕಾಲವು ಅದರಲ್ಲಿ ಸುತ್ತುವ ಅರ್ಧ ಗಂಟೆಗಿಂತ ಹೆಚ್ಚು. ಸಾಯಂಕಾಲ ಟವರ್ ಸೇತುವೆ. ಅದನ್ನು ಲಂಡನ್ ಸೇತುವೆಯೆಂದು ತಿಳಿದು ಮತ್ತೊಂದು ಚಿತ್ರ. ನಿಜವಾದ ಲಂಡನ್ ಸೇತುವೆಯು ಅದರ ಮೇಲ್ಗಡೆಗೆ ಹತ್ತಿರದಲ್ಲಿಯೇ ಇದೆ. 1973ರಲ್ಲಿ ಕಟ್ಟಿ ತೆರೆದ ಸಾದಾ ರಚನೆಯಾದುದರಿಂದ ಅದರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಈ ಸ್ಥಳಗಳ ನಡುವಿನ ಪ್ರಯಾಣವೆಲ್ಲ ನೆಲದೊಳಗಿನ ರೈಲಿನಲ್ಲಿ. 1863ರಲ್ಲಿ ಮೊದಲಾದ ಆ ರೈಲುಮಾರ್ಗವು ಮನುಷ್ಯನ ಬುದ್ಧಿವೈಭವಕ್ಕೆ ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ನಿತ್ಯವೂ ಕೆಲಸಕ್ಕೆ ಹೋಗುವವನಿಗೆ ಅದು ಮಹೋಪಕಾರಿ. ಆದರೆ ಅದರ ಪ್ರಸಿದ್ಧವಾದ ನಕ್ಷೆಯನ್ನು ಹ್ಯಾರಿ ಬೆಕ್ ಎಂಬ ವಿದ್ಯುದ್ಯಂತ್ರಗಳ ನಕ್ಷೆಗಾರನು 1931ರಲ್ಲಿ ರಚಿಸಿದಾಗ, ಓದುವವರ ಸೌಕರ್ಯಕ್ಕಾಗಿ ದೂರಗಳನ್ನೂ ದಿಕ್ಕುಗಳನ್ನೂ ಬುದ್ಧಿಪೂರ್ವಕವಾಗಿಯೇ ತಿದ್ದಿದನು. ಅದನ್ನೇ ನೆಲದ ನಕ್ಷೆಯೆಂದು ನಂಬಿದ ಪರದೇಶಸ್ಥನು ಲೆಸ್ಟರ್ ಸ್ಕ್ವೇರಿನಲ್ಲಿ ರೈಲು ಹತ್ತಿ ಕೋವೆಂಟ್ ಗಾರ್ಡನ್ನಿನಲ್ಲಿ ಇಳಿಯುತ್ತಾನೆ. ಇವೆರಡರ ನಡುವಣ ಅಂತರ ಸುಮಾರು 260 ಮೀಟರು. ತನ್ನೂರಿನಲ್ಲಿ ಮನೆಯಿಂದ ದೇವಸ್ಥಾನಕ್ಕೆ ಅದಕ್ಕಿಂತ ಹೆಚ್ಚು ದೂರ ನಡೆಯುವ ಆಸಾಮಿ, ಲಂಡನ್ನಿಗೆ ಬಂದು, ಹಣ ಕೊಟ್ಟು, ಪಾತಾಳಕ್ಕೆ ಇಳಿದು, ಮತ್ತೆ ಮೇಲಕ್ಕೆ ಬಂದು, “ತಲುಪಿದೆ” ಎನ್ನುತ್ತಾನೆ! ಎರಡು ಬಿಲಗಳಿಂದ ತಲೆಯೆತ್ತಿ ನೋಡಿದ ಹೆಗ್ಗಣವು ಹೊಲವನ್ನು ಎಷ್ಟು ಕಂಡಿತೋ ಅಷ್ಟೇ ಅವನು ಪಟ್ಟಣವನ್ನು ಕಂಡದ್ದು.

ಹಾಗಾದರೆ ಈ ಪಟ್ಟಿಯನ್ನು ಮಾಡಿದವರು ಯಾರು? ಹಿಂದೆ ಹೋಗಿಬಂದವರು. ಅವರಿಗೆ ಕೊಟ್ಟವರು? ಅವರಿಗಿಂತ ಹಿಂದೆ ಹೋದವರು. ಇದಕ್ಕೆ ಶಾಸ್ತ್ರಜ್ಞರು ಅಂಧಪರಂಪರೆಯೆಂದು ಹೆಸರಿಟ್ಟಿದ್ದಾರೆ. ಕುಟುಂಬಸಮೇತವಾಗಿ ಹೋದವನು ಪಟ್ಟಿಗೆ ಕಟ್ಟುಬಿದ್ದರೆ ಕ್ಷಮಿಸಬಹುದು. ಒಬ್ಬರಿಗೆ ಹಸಿವು, ಒಬ್ಬರಿಗೆ ಅಂಗಡಿ, ಮಗುವಿಗೆ ನಿದ್ರೆ, ಅತ್ತೆಯವರಿಗೆ ಮಂಡಿನೋವು. ಎಲ್ಲರನ್ನೂ ಒಂದು ಹಗ್ಗದಲ್ಲಿ ಕಟ್ಟಿ ನಡೆಸಬೇಕಾದರೆ ಪಟ್ಟಿಯೇ ಹಗ್ಗ. ಏಕಾಕಿಯಾದವನಿಗೆ ಈ ಬಂಧನ ಯಾವುದೂ ಇಲ್ಲ. ಆತನಿಗಿರುವ ಒಂದೇ ಐಶ್ವರ್ಯವೆಂದರೆ ಮನಸ್ಸು ಬಂದಲ್ಲಿ ನಿಲ್ಲುವ ಸ್ವಾತಂತ್ರ್ಯ. ಅದನ್ನೇ ಪಟ್ಟಿಗೆ ಒತ್ತೆಯಿಟ್ಟು ಹೊರಡುವವನನ್ನು ಏನೆನ್ನಬೇಕು?

ಒಂಟಿಯಾಗಿ ಹೋಗುವುದೇ ತಪ್ಪೆಂಬ ವಾದವೂ ಮನೆಗಳಲ್ಲಿ ಕೇಳಿಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅದು ಇನ್ನಷ್ಟು ಗಟ್ಟಿಯಾದ ದನಿಯಲ್ಲಿ. ಹೊತ್ತು ಮೀರಿದ ಮೇಲೆ ಗುರುತಿಲ್ಲದ ಬೀದಿಗಳಲ್ಲಿ ತಿರುಗಬಾರದೆಂಬ ವಿವೇಕವು ಗಂಡಿಗೂ ಹೆಣ್ಣಿಗೂ ಸಮಾನ. ಅದಕ್ಕೆ ಮೀರಿದ ನಿಷೇಧಕ್ಕೆ ಆಧಾರವಿಲ್ಲ. ಲಂಡನ್ನಿನಲ್ಲಿ ಈಗಿರುವ ಪ್ರಸಿದ್ಧವಾದ ಅಪಾಯವೆಂದರೆ ಗಾಡಿಯ ಮೇಲೆ ಬಂದು ಕೈಯಲ್ಲಿನ ಫೋನನ್ನು ಕಿತ್ತುಕೊಂಡು ಹೋಗುವ ಕಳ್ಳರದು; ಅದಕ್ಕೆ ಪರಿಹಾರವು ಫೋನನ್ನು ಜೇಬಿನಲ್ಲಿಡುವುದು. ಕಳ್ಳರ ಭಯದಿಂದಲಾದರೂ ಕಣ್ಣಿನಿಂದ ನೋಡುವುದನ್ನು ಕಲಿತರೆ ಲಾಭವೇ ಆಯಿತು!

1888ರಲ್ಲಿ ನ್ಯಾಯಶಾಸ್ತ್ರವನ್ನು ಓದಲು ಅದೇ ಪಟ್ಟಣಕ್ಕೆ ಹೋದ ಒಬ್ಬ ಗುಜರಾತಿ ತರುಣನ ವೃತ್ತಾಂತವು ಇಲ್ಲಿ ಸ್ಮರಣೀಯ. ಮಾಂಸವನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ ಮೋಹನದಾಸ ಗಾಂಧಿಯವರು ಅರೆಹೊಟ್ಟೆಯಲ್ಲಿ ಸಸ್ಯಾಹಾರದ ಭೋಜನಶಾಲೆಯನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೀಗೆ ಅಲೆಯುತ್ತಿರುವಾಗಲೇ ಫ್ಯಾರಿಂಗ್‌ಡನ್ ಬೀದಿಯಲ್ಲಿ ಅಂತಹ ಶಾಲೆಯೊಂದು ಕಣ್ಣಿಗೆ ಬಿತ್ತು. ಅಲ್ಲಿಯೇ ಮಾರಾಟಕ್ಕಿದ್ದ ಹೆನ್ರಿ ಸಾಲ್ಟನ ಪುಸ್ತಕವನ್ನು ಕೊಂಡರು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು. ತಾಯಿಗೆ ಕೊಟ್ಟ ಮಾತಿಗಾಗಿ ಪಾಲಿಸುತ್ತಿದ್ದ ವ್ರತವು ಆ ಪುಸ್ತಕವನ್ನು ಓದಿದ ಮೇಲೆ ಅವರ ಸ್ವಂತ ನಿಶ್ಚಯವಾಯಿತು. ಜೊತೆಗಾರರಿದ್ದರೆ ಹತ್ತಿರದ ಅಂಗಡಿಯ ರೊಟ್ಟಿಗೇ ತೃಪ್ತರಾಗಿ ಮನೆಗೆ ಮರಳುತ್ತಿದ್ದರು. ಒಂಟಿತನವೂ ಕಾಲ್ನಡಿಗೆಯೂ ಹಸಿವೂ ಸೇರಿ ಮಾಡಿದ ಕಾರ್ಯವಿದು.

ಇದಕ್ಕೆ ಪ್ರತಿವಾದಿಗಳು ಹೇಳುವ ಬಲವಾದ ಮಾತೊಂದುಂಟು. “ವಿಮಾನಕ್ಕೆ ಅಷ್ಟೊಂದು ಹಣ ತೆತ್ತು ಹೋದದ್ದಾಯಿತು, ಮತ್ತೆ ಈ ಜನ್ಮದಲ್ಲಿ ಹೋಗುತ್ತೇವೋ ಇಲ್ಲವೋ, ಇರುವ ಒಂದು ದಿನದಲ್ಲಿ ಹೆಚ್ಚು ಸ್ಥಳಗಳನ್ನು ಕಂಡರೆ ತಪ್ಪೇನು?” ಬಡತನವನ್ನು ಕಂಡು ಮೇಲೆ ಬಂದ ಕುಟುಂಬದ ಮಾತಿದು, ಇದನ್ನು ಹಗುರವಾಗಿ ತಳ್ಳಿಹಾಕಕೂಡದು. ಆದರೆ ವಿಮಾನದ ಹಣವು ದಿನದ ಗಂಟೆಗಳನ್ನು ಹೆಚ್ಚಿಸಲಾರದು. ಮತ್ತೆ ಬರುವ ಸಂಭವವಿಲ್ಲದವನೇ ಒಂದನ್ನಾದರೂ ಮನಸ್ಸಿಗಿಳಿಯುವಂತೆ ನೋಡಬೇಕಾದವನು. ಹತ್ತು ಸಲ ಬರುವವನು ಬೇಕಾದರೆ ಓಡಾಡಲಿ. ಇದಲ್ಲದೆ, ಆ ಪಟ್ಟಣದ ದೊಡ್ಡ ಮ್ಯೂಸಿಯಂಗಳಲ್ಲಿ ನಿತ್ಯದ ಸಂಗ್ರಹವನ್ನು ನೋಡಲು ಪ್ರವೇಶಧನವಿಲ್ಲ. ಹಣ ಕೊಡದ ಕಡೆ ಹಣಕ್ಕೆ ತಕ್ಕಷ್ಟು ಕಸಿದುಕೊಳ್ಳುವ ಆತುರವೇಕೆ? ಒಂದು ವಿಗ್ರಹವನ್ನು ಮಾತ್ರ ನೋಡಿ ಹೊರಗೆ ಬಂದರೂ ನಷ್ಟವಿಲ್ಲ.

ತೀರ್ಥಯಾತ್ರೆಯಲ್ಲಿಯೂ ಕ್ಷೇತ್ರಗಳ ಪಟ್ಟಿಯಿಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಇದೆ. ಆದರೆ ಕಾಶಿಯ ಪಂಚಕ್ರೋಶಿ ಪ್ರದಕ್ಷಿಣೆಯನ್ನು ಸಂಪ್ರದಾಯದಂತೆ ಮಾಡುವವನು ಐದು ದಿನ ನಡೆಯುತ್ತಾನೆ. ರಾತ್ರಿ ತಂಗುತ್ತಾನೆ, ಮೀಯುತ್ತಾನೆ, ಬೇಯಿಸಿ ಉಣ್ಣುತ್ತಾನೆ. ಈಚೆಗೆ ಒಂದೇ ದಿನದಲ್ಲಿ ಒಂಬತ್ತು ದೇವಾಲಯಗಳನ್ನು ತೋರಿಸುತ್ತೇವೆಂದು ಹೊರಡುವ ಬಸ್ಸುಗಳಿಗೂ ಲಂಡನ್ನಿನ ಪಟ್ಟಿಗೂ ಭೇದವೇನೂ ಇಲ್ಲ; ಈ ದೂಷಣೆ ಅವಕ್ಕೂ ಸಲ್ಲುತ್ತದೆ.

ಸ್ಥಾಲೀಪುಲಾಕನ್ಯಾಯವೆಂದು ಒಂದುಂಟಷ್ಟೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಅಗುಳುಗಳನ್ನೆಲ್ಲ ಹಿಸುಕಬೇಕಾಗಿಲ್ಲ, ಒಂದು ಸಾಕು. ನಗರದ ಅಗುಳುಗಳು ಒಂದರಂತೆ ಒಂದಿಲ್ಲವಾದುದರಿಂದ ಈ ನ್ಯಾಯ ಇಲ್ಲಿ ಪೂರ್ಣವಾಗಿ ಹೊಂದದೆಂದು ತಾರ್ಕಿಕರು ಆಕ್ಷೇಪಿಸಬಹುದು, ಆಕ್ಷೇಪವು ಸರಿಯೇ. ಒಂದು ಮೂಲೆಯನ್ನು ಕಂಡವನು ಪಟ್ಟಣವನ್ನೆಲ್ಲ ಬಲ್ಲೆನೆಂದು ಹೇಳಬಾರದು. ಪಟ್ಟಿಯವನಾದರೋ ಒಂದು ಅಗುಳನ್ನೂ ಹಿಸುಕಿಲ್ಲ. ಪಾತ್ರೆಗಳನ್ನು ಎಣಿಸಿ ಬಂದಿದ್ದಾನೆ.

ಪಟ್ಟಿಯಿಲ್ಲದೆ ಹೊರಟ ಏಕಾಕಿಯೊಬ್ಬನ ದಿನವು ಹೇಗಿರಬಹುದು? ಕನ್ನಡನಾಡಿನವನಾದರೆ ಆತನು ಬೆಳಿಗ್ಗೆ ಲೆಡನ್‌ಹಾಲ್ ಬೀದಿಯಿಂದ ನಡಿಗೆಯನ್ನು ಆರಂಭಿಸಲಿ. ಈಸ್ಟ್ ಇಂಡಿಯಾ ಕಂಪೆನಿಯ ಮುಖ್ಯ ಕಚೇರಿ ಇದ್ದುದು ಅಲ್ಲಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಟೀಪುವಿನ ಅರಮನೆಯಿಂದ ಎತ್ತಿಕೊಂಡುಹೋದ ಮರದ ಹುಲಿಯನ್ನು, ಬಿಳಿಯ ಸಿಪಾಯಿಯ ಮೇಲೆರಗಿ ಗರ್ಜಿಸುವ ಆ ಯಂತ್ರವನ್ನು, 1808ರಿಂದ ಆ ಕಚೇರಿಯಲ್ಲಿ ಜನರಿಗೆ ತೋರಿಸುತ್ತಿದ್ದರು. 1861ರಲ್ಲಿ ಕಟ್ಟಡವನ್ನು ಕೆಡವಿದರು. ಆ ಸ್ಥಳದಲ್ಲಿ ಈಗ 1986ರಲ್ಲಿ ಮುಗಿದ, ಕೊಳವೆಗಳನ್ನೂ ಮೆಟ್ಟಿಲುಗಳನ್ನೂ ಹೊರಮೈಯಲ್ಲಿಯೇ ಧರಿಸಿಕೊಂಡಿರುವ ಲಾಯ್ಡ್ಸ್ ಎಂಬ ವಿಮಾಸಂಸ್ಥೆಯ ಉಕ್ಕಿನ ಮಂದಿರವಿದೆ. ಅಲ್ಲಿ ನೋಡತಕ್ಕದ್ದು ಇಲ್ಲದಿರುವಿಕೆಯನ್ನು. ಮೈಸೂರಿನ ಭಾಗ್ಯಾಭಾಗ್ಯಗಳನ್ನು ಕಾಗದದ ಮೇಲೆ ಬರೆದು ತೀರ್ಮಾನಿಸಿದ ಮನೆಯ ಒಂದು ಇಟ್ಟಿಗೆಯೂ ಕಾಣಿಸದ ಬೀದಿಯಲ್ಲಿ ಕಾಲು ಗಂಟೆ ನಿಲ್ಲುವುದು ಯಾವ ಪಟ್ಟಿಯವನಿಗೂ ಸಾಧ್ಯವಿಲ್ಲ. ಹುಲಿಯು ಈಗ ಪಟ್ಟಣದ ಪಶ್ಚಿಮಕ್ಕೆ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ನೋಡಬೇಕೆಂಬ ಆಸೆ ಕನ್ನಡಿಗನಿಗೆ ಸಹಜ. ಆದರೆ ಈ ದಿನ ಬೇಡವೆಂದು ಬಿಡುವ ಧೈರ್ಯವೂ ಬೇಕು.

ಅಲ್ಲಿಂದ ಸ್ವಲ್ಪ ದೂರದಲ್ಲಿ ‘ಮಾನ್ಯುಮೆಂಟ್’ ಎಂಬ ಸ್ತಂಭ. 1666ರ ಸೆಪ್ಟೆಂಬರಿನಲ್ಲಿ ರೊಟ್ಟಿ ಸುಡುವವನ ಮನೆಯಲ್ಲಿ ಹುಟ್ಟಿದ ಬೆಂಕಿಯು ನಾಲ್ಕು ದಿನ ಉರಿದು ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಅದರ ನೆನಪಿಗೆ 1677ರಲ್ಲಿ ಪೂರ್ತಿಯಾದ ಈ ಸ್ತಂಭದ ಎತ್ತರ 202 ಅಡಿ. ಬೆಂಕಿ ಹುಟ್ಟಿದ ಜಾಗಕ್ಕೂ ಇದಕ್ಕೂ ಅಷ್ಟೇ ಅಂತರ. ಒಳಗೆ 311 ಮೆಟ್ಟಿಲು. ಹತ್ತುವವರು ಹತ್ತಲಿ, ಆದರೆ ಬುಡದಲ್ಲಿನ ಶಾಸನಗಳ ಕಥೆಯು ಶಿಖರಕ್ಕಿಂತ ಎತ್ತರದ್ದು. ಕ್ಯಾಥೊಲಿಕ್ ಮತದವರ ದುಷ್ಕೃತ್ಯದಿಂದಲೇ ಬೆಂಕಿ ಹತ್ತಿತೆಂಬ ಸುಳ್ಳನ್ನು 1681ರಲ್ಲಿ ಅಲ್ಲಿ ಕೆತ್ತಿಸಿದರು. ರಾಜನು ಬದಲಾದಾಗ ಅಳಿಸಿದರು. ಮತ್ತೆ ರಾಜನು ಬದಲಾದಾಗ ಮತ್ತೆ ಕೆತ್ತಿಸಿದರು. ಕಡೆಗೆ 1830ರಲ್ಲಿ ಶಾಶ್ವತವಾಗಿ ತೆಗೆದುಹಾಕಿದರು. ನೆರೆಹೊರೆಯವರ ಮೇಲೆ ಹೊರಿಸಿದ ಅಪವಾದವು ಕಲ್ಲಿನಿಂದ ಕರಗಲು ಒಂದೂವರೆ ಶತಮಾನ ಹಿಡಿಯಿತು. ಇದನ್ನು ತಿಳಿದವನಿಗೆ ಯಾವ ದೇಶದ ವೃತ್ತಪತ್ರಿಕೆಯನ್ನೋದುವಾಗಲೂ ಉಪಯೋಗವುಂಟು.

ಸೇಂಟ್ ಪಾಲ್ಸ್ ದೇವಾಲಯದ ಗುಮ್ಮಟವು ಎಲ್ಲರೂ ಬಲ್ಲದ್ದೇ. ಒಳಗೆ ಹೋಗಲು ಟಿಕೆಟು ಬೇಕು, ಪ್ರಾರ್ಥನೆಗೆ ಕೂಡುವವನಿಗೆ ಬೇಡ. ಅದರಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ‘ಅಂಚೆಯವರ ಉದ್ಯಾನ’ವೆಂಬ ಸಣ್ಣ ತೋಟವೊಂದಿದೆ. ಹತ್ತಿರದ ಅಂಚೆಯ ಕಚೇರಿಯ ನೌಕರರು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರುತ್ತಿದ್ದುದರಿಂದ ಆ ಹೆಸರು. ವಾಟ್ಸ್ ಎಂಬ ಪ್ರಸಿದ್ಧ ಚಿತ್ರಕಾರನು 1900ರಲ್ಲಿ ಅಲ್ಲೊಂದು ಚಾವಡಿಯನ್ನು ಕಟ್ಟಿಸಿ, ಅದರ ಗೋಡೆಗೆ ಮೆರುಗುಹಂಚುಗಳ ಫಲಕಗಳನ್ನು ಹಚ್ಚಿಸಿದನು. ಅವುಗಳ ಮೇಲಿನ ಹೆಸರುಗಳು ರಾಜರವಲ್ಲ, ಸೇನಾನಿಗಳವಲ್ಲ. ಇತರರ ಪ್ರಾಣವನ್ನುಳಿಸಲು ಹೋಗಿ ತಮ್ಮ ಪ್ರಾಣವನ್ನು ಕಳೆದುಕೊಂಡ ಸಾಮಾನ್ಯರವು. ಆಲಿಸ್ ಏಯರ್ಸ್ ಎಂಬಾಕೆ ಗಾರೆಯವನ ಕೈಯಾಳೊಬ್ಬನ ಮಗಳು. 1885ರ ಏಪ್ರಿಲಿನಲ್ಲಿ ನದಿಯಾಚೆಯ ಯೂನಿಯನ್ ಬೀದಿಯಲ್ಲಿ ಉರಿಯುವ ಮನೆಯಿಂದ ಮೂವರು ಮಕ್ಕಳನ್ನು ಬದುಕಿಸಿ ತಾನು ತೀರಿಕೊಂಡಳು. ಇಂತಹ ಫಲಕಗಳು ಐವತ್ತಕ್ಕೂ ಮಿಕ್ಕಿ ಇವೆ. ಬಹುಕಾಲ ನಿಂತುಹೋಗಿದ್ದ ಈ ಕಾರ್ಯದಲ್ಲಿ 2009ರಲ್ಲಿ ಹೊಸದೊಂದನ್ನು ಸೇರಿಸಿದರು.

ಕನ್ನಡಿಗನು ಇಲ್ಲಿ ತಡೆದು ನಿಲ್ಲದಿದ್ದರೆ ಅವನಿಗೆ ತನ್ನ ನಾಡಿನ ಪರಿಚಯವೂ ಇಲ್ಲವೆಂದೇ ಹೇಳಬೇಕು. ತುರುಗೊಳ್ಳುವಿಕೆಯಲ್ಲಿ, ಊರಳಿವಿನಲ್ಲಿ, ಪೆಣ್ಬುಯ್ಯಲಿನಲ್ಲಿ ಬಿದ್ದವರಿಗೆ ನಮ್ಮವರು ನಿಲ್ಲಿಸಿದ ವೀರಗಲ್ಲುಗಳು ನೆನಪಿಗೆ ಬರುವುದು ಇಂತಹ ಎಡೆಯಲ್ಲಿಯೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಲಂಡನ್ನಿನ ಹಂಚಿನ ಮೇಲೆ ಅಪ್ಸರೆಯರಿಲ್ಲ, ಕೈಲಾಸವೂ ಇಲ್ಲ; ಹೆಸರು, ಕಸಬು, ದಿನ, ಮಾಡಿದ ಕಾರ್ಯ, ಇಷ್ಟೇ. ಯಾವುದು ಹೆಚ್ಚಿನದೆಂಬ ವಾದವನ್ನು ಆ ಬೆಂಚಿನ ಮೇಲೆ ಕುಳಿತು ಒಬ್ಬನೇ ಎಷ್ಟು ಹೊತ್ತಾದರೂ ಮಾಡಬಹುದು. ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಯನ್ನು ಕುರಿತ, ಹತ್ತನೆಯ ಶತಮಾನದ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಲಂಡನ್ನಿನ ಚಕ್ರವನ್ನು ಹತ್ತಿ ಬಂದವರಲ್ಲಿ ಅದನ್ನು ಕಂಡವರು ಎಷ್ಟು ಮಂದಿ?

ಗಾಂಧಿಯವರು ಉಂಡ ಫ್ಯಾರಿಂಗ್‌ಡನ್ ಬೀದಿಯೂ ಹತ್ತಿರವೇ. ಅಲ್ಲಿಂದ ನದಿಗೆ ಬಂದು, 2000ದಲ್ಲಿ ತೆರೆದ ಎರಡೇ ದಿನದಲ್ಲಿ ತೂಗಾಡುತ್ತದೆಂದು ಮುಚ್ಚಿ ತರುವಾಯ ಸರಿಪಡಿಸಿದ ಕಾಲುಸೇತುವೆಯನ್ನು ದಾಟಿ, ದಕ್ಷಿಣದ ದಡವನ್ನು ಹಿಡಿದು ಪ್ರವಾಹಕ್ಕೆದುರಾಗಿ ನಡೆದರೆ ಬೈಗಿನ ಹೊತ್ತಿಗೆ ಲ್ಯಾಂಬೆತ್ ಸೇತುವೆಯ ಬಳಿಯ ಆಲ್ಬರ್ಟ್ ದಂಡೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿಗಳು ಅನಾವರಣಮಾಡಿದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಕನ್ನಡಿಗರ ಪಟ್ಟಿಗಳಲ್ಲಿ ಈಗ ಇದೂ ಸೇರಿಕೊಂಡಿದೆ. ಬಾಡಿಗೆಯ ಕಾರಿನಲ್ಲಿ ಬರುತ್ತಾರೆ, ಹೆಗಲೆಣೆಯಾಗಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಐದು ನಿಮಿಷದಲ್ಲಿ ಹೊರಡುತ್ತಾರೆ. ನಡಿಗೆಯನ್ನೂ ದುಡಿಮೆಯನ್ನೂ ದೇವರ ಸನ್ನಿಧಿಗೆ ಏರಿಸಿದ ಮಹಾಪುರುಷನ ಮುಂದೆ ಇಂಜಿನು ನಿಲ್ಲಿಸದೆ ಕಾಯುವ ಕಾರು! ಅಗಸನೂ ಅಂಬಿಗನೂ ಮಾದಾರನೂ ಕುಳಿತು ಮಾತನಾಡಿದ ಮಂಟಪದ ನೆನಪಿಗೆ, ನದಿಯಾಚೆಗೆ ಕಾಣುವ ಪಾರ್ಲಿಮೆಂಟು ಭವನವನ್ನು ಇದಿರಿಟ್ಟು ಸ್ವಲ್ಪ ಹೊತ್ತು ಕೂರುವಷ್ಟಾದರೂ ಪುರಸತ್ತು ಬೇಡವೇ? ನಡೆದು ಬಂದವನ ಕಾಲುಗಳು ತಾವಾಗಿಯೇ ಅವನನ್ನು ಕೂರಿಸುತ್ತವೆ.

ಕೂತವನಿಗೆ ಕಾಣುವುದು ಇನ್ನೊಂದು. ಥೇಮ್ಸ್ ನದಿಯಲ್ಲಿ ಸಮುದ್ರದ ಉಬ್ಬರವಿಳಿತಗಳು ಪಟ್ಟಣದ ನಡುವಿನವರೆಗೂ ಬರುತ್ತವೆ. ಲಂಡನ್ ಸೇತುವೆಯ ಬಳಿ ನೀರಿನ ಏರುಪೇರು ಏಳು ಮೀಟರಿನವರೆಗೂ ಇರುವುದುಂಟು. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗೂ ಮಿಕ್ಕಿದ ಕಾಲ ಬೇಕು. ಬೆಳಿಗ್ಗೆ ಸ್ತಂಭದ ಹತ್ತಿರ ಕಲ್ಲುಗೋಡೆಯನ್ನು ಮುಟ್ಟಿ ತುಂಬಿ ಹರಿಯುತ್ತಿದ್ದ ನದಿಯು ಈಗ ದೂರ ಸರಿದು, ಕೆಸರನ್ನೂ ಕಲ್ಲುಗಳನ್ನೂ ಹಳೆಯ ಮರದ ಕಂಬಗಳ ಬುಡಗಳನ್ನೂ ಹೊರಗೆ ಹಾಕಿದೆ. ದಿನವೆಲ್ಲ ಅದೇ ನದಿಯ ಪಕ್ಕದಲ್ಲಿದ್ದವನಿಗೆ ಮಾತ್ರ ಇದು ಗೊತ್ತಾಗುತ್ತದೆ. ನೀರು ಮತ್ತೆ ಏರುವುದು ಎಷ್ಟು ಹೊತ್ತಿಗೆಂದು ಪಕ್ಕದ ಬೆಂಚಿನ ಮುದುಕನನ್ನು ಕೇಳಬೇಕಾಗುತ್ತದೆ, ಅವನ ಭಾಷೆಯಲ್ಲಿ, ತಡವರಿಸುತ್ತ.